ಒಂದೇ ನಾಳೆ ನಂಬಿ ಕೂತರೆ: ಬೆಂಗಳೂರಿನ ನೀರು ಮತ್ತು ಮುನ್ನೋಟದ ಲೆಕ್ಕ

2022ರ ಸೆಪ್ಟೆಂಬರ್ ಮೊದಲ ವಾರ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಜೋರು ಮಳೆ. ಅಲ್ಲಿನ ಪಂಪ್‌ಹೌಸ್‌ಗೆ ನೀರು ನುಗ್ಗಿತು, ಯಂತ್ರಗಳು ಮುಳುಗಿದವು. ಬೆಂಗಳೂರಿಗೆ ಕಾವೇರಿ ನೀರು ಕಳಿಸುವುದು ಇದೇ ಜಾಗ. ನೀರು ಕಳಿಸುವ ಮನೆಯೇ ನೀರಲ್ಲಿ ಮುಳುಗಿದ್ದರಿಂದ ಊರಿನ ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ಬಂದ್ ಆಯಿತು. ಅದೇ ದಿನಗಳಲ್ಲಿ ಹೊರವರ್ತುಲ ರಸ್ತೆಯ ಕಡೆ ಜನ ಟ್ರ್ಯಾಕ್ಟರ್ ಹತ್ತಿಕೊಂಡು ಆಫೀಸಿಗೆ ಹೋಗುತ್ತಿದ್ದರು.

ಒಂದೂವರೆ ವರ್ಷ ಕಳೆಯಿತು. 2024ರ ಮಾರ್ಚ್. ಹಿಂದಿನ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಬೆಂಗಳೂರಿನಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ಟ್ಯಾಂಕರ್‌ಗಾಗಿ ಕಾದು ಕೂತ ಆ ದಿನಗಳು ಇಲ್ಲಿ ಇದ್ದವರಿಗೆಲ್ಲ ನೆನಪಿವೆ.

ಅದೇ ಊರು, ಅದೇ ಪೈಪು. ಒಮ್ಮೆ ನೀರು ಜಾಸ್ತಿಯಾಗಿ ನಲ್ಲಿ ನಿಂತಿತು, ಇನ್ನೊಮ್ಮೆ ಇಲ್ಲದೆ ನಿಂತಿತು. ಎರಡೂ ಸಲ ‘ಹೀಗಾಗುತ್ತೆ ಅಂತ ಯಾರು ಅಂದುಕೊಂಡಿದ್ದರು’ ಎಂಬ ಮಾತು ಕೇಳಿಬಂತು. ಈ ಮಾತಿನ ಬಗ್ಗೆಯೇ ನಾನು ಬರೆಯಬೇಕೆಂದಿರುವುದು. ಅಂದುಕೊಳ್ಳುವುದಕ್ಕೂ ಒಂದು ವಿಧಾನವಿದೆ. ಅದನ್ನು ಕಲಿಯಬಹುದು. ಜಗತ್ತಿನ ಕೆಲವು ಕಂಪನಿಗಳು, ಸರ್ಕಾರಗಳು ಐವತ್ತು ವರ್ಷದಿಂದ ಅದನ್ನು ಮಾಡುತ್ತಾ ಬಂದಿವೆ. ಸ್ಟ್ರಾಟಜಿಕ್ ಫೋರ್‌ಸೈಟ್ ಎಂದು ಅದಕ್ಕೆ ದೊಡ್ಡ ಹೆಸರು. ನಾವು ಇಲ್ಲಿ ಮುನ್ನೋಟ ಎನ್ನೋಣ.

ಮುನ್ನೋಟ ಎಂದ ಕೂಡಲೇ ಕಾಲಜ್ಞಾನ ಎಂದುಕೊಳ್ಳುವವರು ಜಾಸ್ತಿ. ಯುಗಾದಿಯ ದಿನ ಪಂಚಾಂಗ ಓದಿಸಿ ‘ಈ ವರ್ಷ ಮಳೆ ಎಷ್ಟು ಕೊಳಗ’ ಎಂದು ಕೇಳುವ ಹಾಗೆ, ಕಂಪನಿಗಳು ಕನ್ಸಲ್ಟೆಂಟ್‌ಗಳನ್ನು ಕರೆಸಿ ‘ಐದು ವರ್ಷ ಬಿಟ್ಟು ಏನಾಗುತ್ತೆ, ಒಂದು ನಂಬರ್ ಹೇಳಿ’ ಎಂದು ಕೇಳುತ್ತವೆ. ಆ ನಂಬರ್ ಬಂದ ಮೇಲೆ ಎಲ್ಲ ಲೆಕ್ಕವೂ ಅದರ ಮೇಲೆ ನಿಲ್ಲುತ್ತದೆ. ಸಾಲ, ಕಟ್ಟಡ, ನೇಮಕಾತಿ, ಎಲ್ಲವೂ. ನಂಬರ್ ತಪ್ಪಿದರೆ ಏನು ಮಾಡುವುದು ಎಂಬ ಹಾಳೆಯೇ ಫೈಲಿನಲ್ಲಿ ಇರುವುದಿಲ್ಲ.

ಹಳೇ ಮೈಸೂರಿನ ಮಳೆಯಾಧಾರಿತ ರೈತ ಇದಕ್ಕಿಂತ ಜಾಣ. ರಾಗಿ ಹೊಲದಲ್ಲಿ ಬರೀ ರಾಗಿ ಹಾಕುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಹುಚ್ಚೆಳ್ಳು, ಅಲಸಂದೆ, ಒಂದಿಷ್ಟು ಜೋಳ. ಯಾವ ಮಳೆ ಬರುತ್ತದೆ, ಯಾವುದು ಕೈಕೊಡುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ರಾಗಿಗೆ ಮಳೆ ತಪ್ಪಿದರೆ ಬೇರು ಆಳಕ್ಕೆ ಹೋಗುವ ತೊಗರಿಯಾದರೂ ಕೈಹಿಡಿಯಲಿ, ರಾಗಿ ಕುಯ್ದ ಮೇಲೆ ಅವರೆ ಸಿಗಲಿ ಎಂಬ ಲೆಕ್ಕ. ಮುಂಗಾರು ಪೂರ್ತಿ ಹೋದರೆ ಕೊನೆಗೆ ಹುರುಳಿ ಎರಚುವ ದಾರಿಯೂ ಇತ್ತು. ಹಾಗಂತ ಇದರಿಂದ ಬರ ತಪ್ಪುತ್ತಿತ್ತು ಎನ್ನಲಾರೆ. ಹಸಿವಿನ ವರ್ಷಗಳು ಬಂದೇ ಬಂದವು. ಆದರೆ ಒಂದೇ ಬೆಳೆ ಮೇಲೆ ಇಡೀ ಮನೆಯನ್ನು ಪಣಕ್ಕಿಡುತ್ತಿರಲಿಲ್ಲ. ಅಕ್ಕಡಿ ಸಾಲು ಗೊತ್ತಿದ್ದವರಿಗೆ ಮುಂದೆ ಹೇಳುವುದೆಲ್ಲ ಬೇಗ ಅರ್ಥವಾಗುತ್ತದೆ.

ಎಣ್ಣೆ ಕಂಪನಿಯಲ್ಲಿ ಒಬ್ಬ ಫ್ರೆಂಚ್ ಮನುಷ್ಯ

ಈ ವಿದ್ಯೆಗೆ ಕಂಪನಿಗಳ ಲೋಕದಲ್ಲಿ ಹೆಸರು ತಂದದ್ದು ಶೆಲ್. 1960ರ ದಶಕದಲ್ಲಿ ಶೆಲ್ ಕೂಡ ಎಲ್ಲರ ಹಾಗೆಯೇ ಯೋಜನೆ ಮಾಡುತ್ತಿತ್ತು. ಹಿಂದಿನ ವರ್ಷಗಳ ಅಂಕಿ ಹಾಕು, ಗೆರೆಯನ್ನು ಮುಂದಕ್ಕೆ ಎಳೆ, ಆರು ವರ್ಷದ ಲೆಕ್ಕ ಕೊಡು. ಎಣ್ಣೆಯ ಬೇಡಿಕೆ ವರ್ಷವರ್ಷ ಏರುತ್ತಿತ್ತು, ಬೆಲೆ ಹೆಚ್ಚುಕಮ್ಮಿ ನಿಂತಲ್ಲೇ ಇತ್ತು. ಗೆರೆ ಎಳೆಯುವುದು ಸುಲಭದ ಕೆಲಸ.

ಫ್ರಾನ್ಸಿನ ಪಿಯೆರ್ ವಾಕ್ ಮತ್ತು ಟೆಡ್ ನ್ಯೂಲ್ಯಾಂಡ್ ಅವರಿದ್ದ ಶೆಲ್‌ನ ಯೋಜನಾ ತಂಡ ಗೆರೆಯನ್ನು ಬಿಟ್ಟು ಮನುಷ್ಯರನ್ನು ನೋಡಿತು. ಎಣ್ಣೆ ಮಾರುವ ದೇಶಗಳ ಜಾಗದಲ್ಲಿ ನಿಂತು ಯೋಚಿಸಿತು. ಸೌದಿ ಅರೇಬಿಯಾದಂಥ ದೇಶದಲ್ಲಿ ಆಗ ಜನಸಂಖ್ಯೆ ಕಡಿಮೆ. ಬರುವ ಹಣವನ್ನೇ ಖರ್ಚು ಮಾಡಲು ಆಗುತ್ತಿಲ್ಲ. ಹಾಗಿರುವಾಗ ಇನ್ನೂ ಇನ್ನೂ ಎಣ್ಣೆ ತೆಗೆದು ಅಗ್ಗಕ್ಕೆ ಯಾಕೆ ಮಾರುತ್ತಾರೆ? ನೆಲದೊಳಗೇ ಇದ್ದರೆ ನಾಳೆ ಜಾಸ್ತಿ ಬೆಲೆ ಬರುತ್ತದಲ್ವಾ? ನಮ್ಮಲ್ಲಿ ಬೆಲೆ ಇಲ್ಲದಾಗ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಅಂಥದೇ ಲೆಕ್ಕ. ಹಾಗೆ ನೋಡಿದಾಗ ಬೆಲೆ ನಿಂತಲ್ಲೇ ನಿಲ್ಲುತ್ತದೆ ಎಂಬ ನಂಬಿಕೆಯೇ ವಿಚಿತ್ರವಾಗಿ ಕಂಡಿತು.

1973ರ ಅಕ್ಟೋಬರ್‌ನಲ್ಲಿ ಅರಬ್–ಇಸ್ರೇಲ್ ಯುದ್ಧ ಶುರುವಾಯಿತು. ಅರಬ್ ದೇಶಗಳು ಎಣ್ಣೆ ನಿರ್ಬಂಧ ಹೇರಿದವು. ಬ್ಯಾರಲ್‌ಗೆ 3 ಡಾಲರ್ ಆಸುಪಾಸಿನಲ್ಲಿದ್ದ ಬೆಲೆ 1974ರ ಜನವರಿ ಹೊತ್ತಿಗೆ 11 ಡಾಲರ್ ದಾಟಿತು. ಬೇರೆ ಕಂಪನಿಗಳು ‘ಇದು ನಾಲ್ಕು ದಿನದ ಗಲಾಟೆ’ ಎಂದು ಕಾಯುತ್ತಿದ್ದಾಗ, ಕಾಲ ಬದಲಾಗಿದೆ ಎಂದು ಶೆಲ್‌ನ ದೊಡ್ಡವರಿಗೆ ಬೇಗ ಹೊಳೆಯಿತು. ಇಂಥ ದಿನವೊಂದನ್ನು ಅವರು ಆಗಲೇ ಮೀಟಿಂಗ್ ರೂಮಿನಲ್ಲಿ ಕೂತು ಬಾಳಿದ್ದರು.

ಈ ಕಥೆಯನ್ನು ‘ಶೆಲ್ ಭವಿಷ್ಯ ನುಡಿಯಿತು’ ಎಂದು ಹೇಳುವವರಿದ್ದಾರೆ. ಯುದ್ಧದ ದಿನ ಯಾರಿಗೂ ಗೊತ್ತಿರಲಿಲ್ಲ. ನನಗೆ ಮುಖ್ಯ ಅನ್ನಿಸುವುದು ಕಥೆಯ ಇನ್ನೊಂದು ತುಂಡು. ವಾಕ್ ಮೊದಲ ಸಲ ಬೇರೆಬೇರೆ ಸನ್ನಿವೇಶಗಳನ್ನು ಮಂಡಿಸಿದಾಗ ಮ್ಯಾನೇಜರ್‌ಗಳು ತಲೆಯಾಡಿಸಿದರು, ಚೆನ್ನಾಗಿದೆ ಎಂದರು, ಎದ್ದು ಹೋಗಿ ಹಳೆಯ ಕೆಲಸವನ್ನೇ ಮುಂದುವರಿಸಿದರು. ಆಗ ವಾಕ್‌ಗೆ ತಮ್ಮ ಕೆಲಸ ಏನೆಂದು ಅರ್ಥವಾಯಿತು. ವರದಿ ಬರೆದರೆ ಮುಗಿಯಲಿಲ್ಲ. ತೀರ್ಮಾನ ಮಾಡುವವನ ತಲೆಯೊಳಗೆ ಜಗತ್ತಿನ ಒಂದು ಚಿತ್ರ ಇರುತ್ತದೆ. ಆ ಚಿತ್ರ ಅಲುಗಾಡುವವರೆಗೆ ಏನೂ ಆಗುವುದಿಲ್ಲ. 1972ರಲ್ಲಿ ಅವರು ಮತ್ತೆ ಬಂದರು. ಈ ಸಲ, ‘ಬೆಲೆ ಹೀಗೇ ಇರಬೇಕಾದರೆ ಏನೇನು ಪವಾಡ ನಡೆಯಬೇಕು’ ಎಂದು ಲೆಕ್ಕ ಹಾಕಿ ತೋರಿಸಿದರು. ಅಷ್ಟು ಪವಾಡ ಒಟ್ಟಿಗೆ ನಡೆಯುವುದಿಲ್ಲ ಎಂದು ಕೇಳುವವರಿಗೇ ಅನ್ನಿಸಿತು.

ಇದೇ ವಾಕ್ 1985ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದಾಗ ಗಂಗಾ ನದಿಯ ಉದಾಹರಣೆ ಕೊಟ್ಟಿದ್ದರು. ಮೇಲೆ ಹಿಮಾಲಯದ ಕಡೆ ಭಾರಿ ಮಳೆಯಾದರೆ ಎರಡು ದಿನದಲ್ಲಿ ಋಷಿಕೇಶದಲ್ಲಿ ಏನೋ ಆಗಿಯೇ ಆಗುತ್ತದೆ, ಆಮೇಲೆ ಅಲಹಾಬಾದಿನಲ್ಲಿ, ಆಮೇಲೆ ಕಾಶಿಯಲ್ಲಿ. ಇದು ಭವಿಷ್ಯ ಹೇಳುವುದಲ್ಲ. ಮಳೆ ಆಗಲೇ ಬಿದ್ದಿದೆ, ನೀರು ದಾರಿಯಲ್ಲಿದೆ, ಅಷ್ಟೆ.

ಕೃಷ್ಣಾ ತೀರದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಮಹಾಬಳೇಶ್ವರದಲ್ಲಿ ಮಳೆ ಜೋರಾಯಿತು, ಕೊಯ್ನಾದಿಂದ ನೀರು ಬಿಟ್ಟರು, ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ ಬರುತ್ತಿದೆ ಎಂದು ಕೇಳಿದ ಕೂಡಲೇ ಚಿಕ್ಕೋಡಿ, ಅಥಣಿ ಕಡೆ ಹೊಳೆದಂಡೆಯ ಜನ ದನ ಬಿಚ್ಚುತ್ತಾರೆ. ಆಮೇಲಿನ ಸರದಿ ಹಿಪ್ಪರಗಿ, ಆಲಮಟ್ಟಿ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಈ ದಾರಿಯ ಪೂರ್ತಿ ರೂಪವನ್ನು ಕಂಡವು.

ಯಾವ ಸಂಸ್ಥೆಯ ಮುಂದೆಯೂ ಹೀಗೆ ಎರಡು ಬಗೆಯ ಸಂಗತಿಗಳು ಇರುತ್ತವೆ. ಒಂದು, ಮೇಲೆ ಆಗಲೇ ಬಿದ್ದಿರುವ ಮಳೆ. ಇವತ್ತು ಹುಟ್ಟಿದ ಮಗು ಆರು ವರ್ಷಕ್ಕೆ ಒಂದನೇ ಕ್ಲಾಸಿಗೆ ಬರುತ್ತದೆ. ಇವತ್ತು ಐವತ್ತೈದಾಗಿರುವ ಎಂಜಿನಿಯರ್ ಐದು ವರ್ಷಕ್ಕೆ ನಿವೃತ್ತಿಯಾಗುತ್ತಾರೆ. ಇದಕ್ಕೆ ಜ್ಯೋತಿಷ್ಯ ಬೇಡ, ಹಾಜರಿ ಪುಸ್ತಕ ಸಾಕು. ಇನ್ನೊಂದು ಬಗೆಯದು ನಿಜವಾಗಿಯೂ ಗೊತ್ತಾಗದಂಥದ್ದು: ಯುದ್ಧ, ಹೊಸ ತಂತ್ರಜ್ಞಾನ, ಕೋರ್ಟಿನ ತೀರ್ಪು, ಜನರ ಮನಸ್ಸು. ಮೊದಲನೆಯದಕ್ಕೆ ತಯಾರಿ ಮಾಡದೆ ಇರುವುದಕ್ಕೆ ಕ್ಷಮೆಯಿಲ್ಲ. ಎರಡನೆಯದಕ್ಕೆ ಒಂದೇ ಉತ್ತರ ಇಟ್ಟುಕೊಂಡು ಕೂರುವುದು ಜೂಜು.

ಕಂಡೂ ಕೈಕಟ್ಟಿ ಕೂತದ್ದು

ಶೆಲ್ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅರ್ಧಸತ್ಯ ಹೇಳಿದ ಹಾಗೆ. ಇದೇ ಕಂಪನಿಯ ಒಳಗೆ 1988ರಲ್ಲಿ ಹಸಿರುಮನೆ ಪರಿಣಾಮದ ಬಗ್ಗೆ ಒಂದು ಗೋಪ್ಯ ವರದಿ ತಯಾರಾಗಿತ್ತು. ಪಳೆಯುಳಿಕೆ ಇಂಧನ ಸುಡುವುದರಿಂದ ಭೂಮಿ ಬಿಸಿಯಾಗುತ್ತದೆ, ಸಮುದ್ರ ಏರುತ್ತದೆ ಎಂದು ಅದರಲ್ಲಿತ್ತು. 1991ರಲ್ಲಿ ಇದೇ ವಿಷಯದ ಮೇಲೆ ಶೆಲ್ ಒಂದು ಸಾಕ್ಷ್ಯಚಿತ್ರವನ್ನೂ ಮಾಡಿಸಿತು. ಆಮೇಲೆ? ಎಣ್ಣೆ, ಗ್ಯಾಸ್ ವ್ಯಾಪಾರ ದಶಕಗಟ್ಟಲೆ ಹಾಗೇ ನಡೆಯಿತು. ಜಗತ್ತಿನ ಅತ್ಯಂತ ಹೆಸರುವಾಸಿ ಮುನ್ನೋಟ ತಂಡ ಇದ್ದ ಕಂಪನಿ ಅದು. ಕಣ್ಣಿಗೆ ಕೊರತೆ ಇರಲಿಲ್ಲ. ಕಂಡದ್ದು ತನ್ನ ಹೊಟ್ಟೆಪಾಡಿಗೆ ವಿರುದ್ಧವಾಗಿದ್ದಾಗ ಕಣ್ಣು ಇದ್ದೂ ಪ್ರಯೋಜನವಾಗಲಿಲ್ಲ. ಮುನ್ನೋಟವನ್ನು ಹೊಗಳುವವರು ಈ ಪುಟವನ್ನು ಹಾರಿಸಿಬಿಡುತ್ತಾರೆ. ಹಾರಿಸಬಾರದು ಎಂದು ನನ್ನ ಅಭಿಪ್ರಾಯ.

ನಮ್ಮೂರಿನಲ್ಲೇ ಒಂದು ಉದಾಹರಣೆ ಇದೆ, ಬರೆಯುವಾಗ ಮನಸ್ಸು ಭಾರವಾಗುತ್ತದೆ. ಎಚ್‌ಎಂಟಿ ಗಡಿಯಾರ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದದ್ದು. ಎಸ್ಸೆಸ್ಸೆಲ್ಸಿ ಪಾಸಾದವರಿಗೆ, ಮದುವೆಯಾಗುವ ಅಳಿಯನಿಗೆ ಕೊಡುತ್ತಿದ್ದ ವಾಚು. 1969ರಲ್ಲೇ ಜಪಾನಿನ ಸೈಕೋ ಕಂಪನಿ ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ಕೈಗಡಿಯಾರ ಮಾರುಕಟ್ಟೆಗೆ ಬಿಟ್ಟಿತ್ತು. ಮೇಲೆ ಮಳೆ ಬಿದ್ದಾಗಿತ್ತು. ಎಚ್‌ಎಂಟಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ. ಟೈಟನ್ ಬರುವ ಮೊದಲೇ ಅದೂ ಕ್ವಾರ್ಟ್ಜ್ ಗಡಿಯಾರ ಮಾಡಿತ್ತು. ಆದರೆ ಸಂಸ್ಥೆಯ ಮನಸ್ಸು ಕೀ ಕೊಡುವ ಗಡಿಯಾರದಲ್ಲೇ ಇತ್ತು. 1984ರಲ್ಲಿ ಹುಟ್ಟಿದ ಟೈಟನ್ ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ ಮಾಡಿ ಕ್ವಾರ್ಟ್ಜ್ ಮೇಲೆಯೇ ಪೂರ್ತಿ ಭಾರ ಹಾಕಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಸರ್ಕಾರಿ ಕಂಪನಿಯ ಬೇರೆ ಕಷ್ಟಗಳೂ ಇದರಲ್ಲಿ ಸೇರಿವೆ, ಎಲ್ಲವನ್ನೂ ಕ್ವಾರ್ಟ್ಜ್ ತಲೆಗೆ ಕಟ್ಟಲಾಗದು. ಆದರೂ ತಿಳಿದಿರುವುದಕ್ಕೂ ತಿಳಿದಂತೆ ನಡೆಯುವುದಕ್ಕೂ ನಡುವೆ ಎಷ್ಟು ದೂರ ಎಂದು ಜಾಲಹಳ್ಳಿ, ತುಮಕೂರಿನ ಆ ಕುಟುಂಬಗಳು ಕಂಡಿವೆ.

ಕೋವಿಡ್ ಇದನ್ನೇ ದೇಶಗಳ ಮಟ್ಟದಲ್ಲಿ ತೋರಿಸಿತು. ಬ್ರಿಟನ್ ತಯಾರಿಯಲ್ಲಿ ಮುಂದಿದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಮಹಾಮಾರಿ ಅಲ್ಲಿನ ಅಪಾಯಗಳ ಪಟ್ಟಿಯಲ್ಲಿ ಮೇಲೇ ಇತ್ತು. 2016ರ ಅಕ್ಟೋಬರ್‌ನಲ್ಲಿ ‘ಸಿಗ್ನಸ್’ ಹೆಸರಿನ ದೊಡ್ಡ ಅಣಕು ಕಾರ್ಯಾಚರಣೆಯೂ ನಡೆದಿತ್ತು. ಆದರೆ ಎಲ್ಲವೂ ಫ್ಲೂ ಬರುತ್ತದೆ ಎಂಬ ಒಂದೇ ಸನ್ನಿವೇಶದ ಸುತ್ತ. ಬಂದದ್ದು ಕೊರೋನಾ. ತಪ್ಪು ಮಹಾಮಾರಿಗೆ ತಯಾರಾಗಿದ್ದೆವು ಎಂದು ಅಲ್ಲಿನ ಕೋವಿಡ್ ವಿಚಾರಣೆಯ ಮೊದಲ ವರದಿ 2024ರ ಜುಲೈನಲ್ಲಿ ಬರೆಯಿತು. ದಕ್ಷಿಣ ಕೊರಿಯಾ 2015ರಲ್ಲಿ ಮರ್ಸ್ ರೋಗದಿಂದ ಪೆಟ್ಟು ತಿಂದಿತ್ತು. 2019ರ ಡಿಸೆಂಬರ್‌ನಲ್ಲಿ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯವರು ಮೇಜಿನ ಸುತ್ತ ಕೂತು ಒಂದು ಅಭ್ಯಾಸ ಮಾಡಿದರು. ಚೀನಾಕ್ಕೆ ಹೋಗಿ ಬಂದ ಕುಟುಂಬವೊಂದಕ್ಕೆ ಗುರುತೇ ಸಿಗದ ನ್ಯುಮೋನಿಯಾ ಬಂದರೆ ಏನು ಮಾಡುವುದು? ಕೆಲವೇ ವಾರಗಳಲ್ಲಿ ಅದು ನಿಜವಾಯಿತು. ಅವರ ಬಳಿ ದಿವ್ಯದೃಷ್ಟಿ ಇರಲಿಲ್ಲ. ರೋಗದ ಹೆಸರು ಗೊತ್ತಿಲ್ಲದೆಯೂ ಪರೀಕ್ಷೆ ಹೇಗೆ ತಯಾರಿಸುವುದು, ಮೊದಲ ಫೋನ್ ಯಾರಿಗೆ ಮಾಡುವುದು ಎಂದು ಯೋಚಿಸಿಟ್ಟಿದ್ದರು.

ಮತ್ತೆ ಬೆಂಗಳೂರಿಗೆ

ಈಗ ಇದೇ ಕಣ್ಣಿನಿಂದ ಬೆಂಗಳೂರಿನ ನೀರನ್ನು ನೋಡೋಣ.

1890ರ ದಶಕದಲ್ಲಿ ಹೆಸರಘಟ್ಟ ಕೆರೆಯಿಂದ ನೀರು ಬಂತು. ಊರಿನ ಬಾಯಾರಿಕೆ ತೀರಿತು ಅಂದುಕೊಂಡರು. 1920ರ ದಶಕದಲ್ಲಿ ಮಳೆ ಕೈಕೊಟ್ಟು ಕೆರೆ ಬತ್ತಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಅರ್ಕಾವತಿ ಮತ್ತು ಕುಮುದ್ವತಿ ಸೇರುವ ಜಾಗ. ಈಗ ಆ ಜಲಾಶಯದ ಕಥೆಯೂ ಗೊತ್ತೇ ಇದೆ. ಅದಕ್ಕೆ ನೀರು ಕಡಿಮೆಯಾದದ್ದು ಮಳೆ ಕಮ್ಮಿಯಾದ್ದರಿಂದ ಅಲ್ಲ ಎಂದು ಅರ್ಕಾವತಿ ಕಣಿವೆಯನ್ನು ಅಧ್ಯಯನ ಮಾಡಿದ ಏಟ್ರೀ ಸಂಸ್ಥೆಯ ಸಂಶೋಧಕರು ಹೇಳಿದ್ದಾರೆ. ಕೊಳವೆಬಾವಿಗಳು ಅಂತರ್ಜಲವನ್ನು ಹೀರಿದವು, ನೀಲಗಿರಿ ತೋಪುಗಳು ಹಬ್ಬಿದವು, ಹೊಳೆಗೆ ಬರುವ ಒರತೆಯೇ ನಿಂತಿತು. ನಿಧಾನವಾಗಿ, ವರ್ಷವರ್ಷ, ಎಲ್ಲರ ಕಣ್ಣೆದುರೇ.

1974ರಲ್ಲಿ ಕಾವೇರಿ ಮೊದಲ ಹಂತ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಕಡೆ ಪಂಪ್ ಮಾಡಿ ತರುವ ನೀರು. ಅದನ್ನು ಕಟ್ಟಿದ ಎಂಜಿನಿಯರ್‌ಗಳಿಗೆ ನಾನು ಕೈಮುಗಿಯುತ್ತೇನೆ. ಆದರೆ 1971ರಲ್ಲಿ 16 ಲಕ್ಷ ಇದ್ದ ಜನಸಂಖ್ಯೆ 1981ಕ್ಕೆ 29 ಲಕ್ಷವಾಯಿತು. ಆಮೇಲೆ ಐಟಿ ಬಂತು, ಯಾವ ಗೆರೆಯೂ ಅದನ್ನು ಹಿಡಿಯಲಿಲ್ಲ. ಎರಡನೇ ಹಂತ, ಮೂರನೇ ಹಂತ, ನಾಲ್ಕನೇ ಹಂತ ಎಂದು ಊರು ಮುಂದೆ ಮುಂದೆ, ಪೈಪು ಹಿಂದೆ ಹಿಂದೆ. 2007ರಲ್ಲಿ ಪಾಲಿಕೆಗೆ 110 ಹಳ್ಳಿಗಳು ಸೇರಿದವು. ಅವರಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ. ಆ ಹದಿನೇಳು ವರ್ಷ ಆ ಜನ ಬದುಕಿದ್ದು ಕೊಳವೆಬಾವಿ ಮತ್ತು ಟ್ಯಾಂಕರ್ ಮೇಲೆ. 2024ರಲ್ಲಿ ಮೊದಲು ಒಣಗಿದ್ದೂ ಅಲ್ಲೇ.

ಈ ಇಡೀ ಚರಿತ್ರೆಯಲ್ಲಿ ಪ್ರಶ್ನೆ ಒಂದೇ ಇತ್ತು: ಜನ ಎಷ್ಟಾಗುತ್ತಾರೆ, ಎಷ್ಟು ನೀರು ತರಬೇಕು? ಪ್ರಶ್ನೆ ತಪ್ಪಲ್ಲ, ಒಂಟಿ.

2040ರ ಬೆಂಗಳೂರನ್ನು ಊಹಿಸಿಕೊಳ್ಳಿ. ಮಳೆ ವಾಡಿಕೆಯಷ್ಟು, ಊರು ಈಗಿನ ವೇಗದಲ್ಲೇ ಬೆಳೆಯುತ್ತಿದೆ. ಈಗಿನ ಯೋಜನೆಗಳೆಲ್ಲ ಹೆಚ್ಚುಕಮ್ಮಿ ಈ ನಾಳೆಗೇ ಇರುವುದು, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇನ್ನೊಂದು ನಾಳೆಯಲ್ಲಿ ಕೊಡಗು ಮತ್ತು ವಯನಾಡಿನಲ್ಲಿ ಸತತ ಎರಡು ವರ್ಷ ಮುಂಗಾರು ಸೋತಿದೆ. ಕೆಆರ್‌ಎಸ್, ಕಬಿನಿ ಎರಡೂ ತುಂಬಿಲ್ಲ. ಮಂಡ್ಯದಲ್ಲಿ ಕಬ್ಬು ಒಣಗುತ್ತಿದೆ, ರೈತರು ರಸ್ತೆಗಿಳಿದಿದ್ದಾರೆ, ತಮಿಳುನಾಡು ಕೋರ್ಟಿನಲ್ಲಿದೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿ ಹೆಚ್ಚುವರಿ ಕೊಟ್ಟಿದೆ ನಿಜ. ಅಣೆಕಟ್ಟಿನಲ್ಲಿ ನೀರಿದ್ದಾಗ ಆ ಹಕ್ಕಿಗೆ ಬೆಲೆ. ಇದೇ ಎರಡು ವರ್ಷ ಊರಿನ ಕೊಳವೆಬಾವಿಗಳೂ ಒಣಗಿರುತ್ತವೆ ಎಂಬುದನ್ನು ಮರೆಯಬಾರದು. ಎರಡು ಆಸರೆಯೂ ಒಂದೇ ಮಳೆಯನ್ನು ನಂಬಿವೆ.

ಮೂರನೆಯದರಲ್ಲಿ ಮಳೆಗೆ ಬರ ಇಲ್ಲ. ಆದರೆ ನಾಲ್ಕು ತಿಂಗಳ ಮಳೆ ನಾಲ್ಕು ದಿನದಲ್ಲಿ ಸುರಿಯುತ್ತದೆ. ಪಂಪ್‌ಹೌಸ್ ಮುಳುಗುತ್ತದೆ, ಕರೆಂಟ್ ಹೋಗುತ್ತದೆ, ಕೆರೆಗೆ ಚರಂಡಿ ನುಗ್ಗುತ್ತದೆ. ಇದನ್ನು ಊಹಿಸುವುದೇ ಬೇಡ, 2022ರಲ್ಲಿ ನೋಡಿದ್ದೇವೆ.

ನಾಲ್ಕನೆಯ ನಾಳೆ ಹೇಳಿದರೆ ಜನ ನಗುತ್ತಾರೆ: ಬೆಂಗಳೂರು ಬೆಳೆಯುವುದೇ ನಿಂತರೆ? ಕೆಲಸ ಬೇರೆ ಊರಿಗೆ ಹೋದರೆ, ಮಗ ಸೊಸೆ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಕೂತು ಕೆಲಸ ಮಾಡಿದರೆ? 2020ರಲ್ಲಿ ಕೆಲವೇ ವಾರಗಳಲ್ಲಿ ಎಷ್ಟು ಪಿಜಿಗಳು ಖಾಲಿಯಾದವು ಎಂದು ನೆನಪಿಸಿಕೊಳ್ಳಿ. ಆಗ ದೊಡ್ಡ ಪೈಪಿಗೆ ಮಾಡಿದ ದೊಡ್ಡ ಸಾಲವನ್ನು ಉಳಿದವರು ತೀರಿಸಬೇಕು. ಈ ನಾಳೆ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಯೋಜನೆ ಮಾಡುವವರು ನಗದೆ ಒಂದು ಗಂಟೆ ಇದರ ಬಗ್ಗೆ ಕೂತು ಮಾತಾಡಬೇಕು ಎನ್ನುತ್ತಿದ್ದೇನೆ.

ನಾಲ್ಕನ್ನೂ ಪಕ್ಕಪಕ್ಕ ಇಟ್ಟಾಗ ಕೇಳಬೇಕಾದ ಪ್ರಶ್ನೆ ಬದಲಾಗುತ್ತದೆ. ಯಾವ ಕೆಲಸ ಮಾಡಿದರೆ ನಾಲ್ಕರಲ್ಲೂ ಲಾಭ? ಅದೇ ಈ ಊರಿನ ಅಕ್ಕಡಿ ಸಾಲು.

ನನಗೆ ಕಾಣುವ ಮೊದಲ ಸಾಲು, ಬಳಸಿದ ನೀರು. ಊರೊಳಗೆ ಬಂದ ನೀರಿನಲ್ಲಿ ನೂರಕ್ಕೆ ಸುಮಾರು 80 ಭಾಗ ಚರಂಡಿಗೆ ಹೋಗುತ್ತದೆ ಎಂಬುದು ಎಂಜಿನಿಯರ್‌ಗಳು ಮಾಮೂಲಾಗಿ ಹಿಡಿಯುವ ಲೆಕ್ಕ. ಬರ ಬರಲಿ, ಮಳೆ ಬರಲಿ, ಜನ ಮನೆಯಲ್ಲಿ ಇರುವವರೆಗೂ ಈ ನೀರು ಬಂದೇ ಬರುತ್ತದೆ. ಇದು ಮೇಲೆ ಬಿದ್ದಾಗಿರುವ ಮಳೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಈ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಇನ್ನೂ ಒಂದು ಹಂತ ಜಾಸ್ತಿ ಶುದ್ಧ ಮಾಡಬೇಕು ಎಂಬ ಕೋಲಾರದವರ ಬೇಡಿಕೆ ನ್ಯಾಯವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಾಗಿದ್ದರೂ ಬತ್ತಿದ ಕೆರೆಗಳಲ್ಲಿ ನೀರು ನಿಂತದ್ದನ್ನು ಅಲ್ಲಿನ ಜನ ನೋಡಿದ್ದಾರೆ. ಜೊತೆಗೆ ಪೈಪಿನ ದಾರಿಯಲ್ಲೇ ಸೋರಿಹೋಗುವ ನೀರನ್ನು ಹಿಡಿಯುವುದು, ಕೆರೆ ಉಳಿಸುವುದು. ಇವು ಯಾವ ನಾಳೆ ಬಂದರೂ ದಂಡವಾಗದ ಕೆಲಸಗಳು.

ಸಿಂಗಪುರ ಈ ದಾರಿಯಲ್ಲಿ ಬಹಳ ದೂರ ನಡೆದಿದೆ. ನೀರಿಗಾಗಿ ಅದು ಮಲೇಷ್ಯಾದ ಮೇಲೆ ನಿಂತಿತ್ತು. ಈಗ ಉಳಿದಿರುವ ಒಪ್ಪಂದ 1962ರದ್ದು, 2061ಕ್ಕೆ ಮುಗಿಯುತ್ತದೆ. ಆ ದಿನಾಂಕ ಗೋಡೆಯ ಮೇಲೆ ಬರೆದಿಟ್ಟಂತೆ ಅವರ ಕಣ್ಣೆದುರು ಇದೆ. 1974ರಲ್ಲೇ ಬಳಸಿದ ನೀರನ್ನು ಶುದ್ಧ ಮಾಡುವ ಪ್ರಯೋಗ ಮಾಡಿದರು. ಖರ್ಚು ಜಾಸ್ತಿಯಾಯಿತು, ನಿಲ್ಲಿಸಿದರು. ಆದರೆ ಯೋಚನೆಯನ್ನು ಕಪಾಟಿನಲ್ಲಿ ಜೀವಂತ ಇಟ್ಟರು. ಒಳ್ಳೆಯ ಫಿಲ್ಟರ್ ತಂತ್ರಜ್ಞಾನ ಅಗ್ಗವಾದಾಗ ಮತ್ತೆ ತೆಗೆದರು. 2003ರಲ್ಲಿ ‘ನ್ಯೂವಾಟರ್’ ಹೆಸರಿನಲ್ಲಿ ಅದು ಜನರ ಮುಂದೆ ಬಂತು. 2009ರಲ್ಲಿ ಸರ್ಕಾರದ ಒಳಗೇ ಮುನ್ನೋಟಕ್ಕೆಂದು ಒಂದು ಕೇಂದ್ರ ಮಾಡಿದರು. ಪುಟ್ಟ ದೇಶ, ಒಂದೇ ಆಡಳಿತ, ನಮ್ಮ ಹಾಗೆ ಹತ್ತು ಇಲಾಖೆಗಳ ಎಳೆದಾಟ ಇಲ್ಲ. ಅವರದ್ದನ್ನು ಇಲ್ಲಿಗೆ ಹಾಗೇ ತರಲಾಗದು. ಸೋತ ಪ್ರಯೋಗವನ್ನು ಎಸೆಯದೆ ಇಟ್ಟುಕೊಂಡ ತಾಳ್ಮೆಯನ್ನಂತೂ ಯಾರು ಬೇಕಾದರೂ ಕಲಿಯಬಹುದು.

ಇನ್ನೊಂದು ಕೆಲಸಕ್ಕೆ ಹಣವೇ ಬೇಡ. ಯಾವ ನಾಳೆ ಬರುತ್ತಿದೆ ಎಂದು ಮೊದಲೇ ತೋರಿಸುವ ಗುರುತುಗಳನ್ನು ಆರಿಸಿ, ಗುರುತು ಕಂಡ ದಿನ ಏನು ಮಾಡುವುದು ಎಂದು ಈಗಲೇ ಬರೆದಿಡುವುದು. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ ಎಂದು ಮಂಡ್ಯದ ಮಕ್ಕಳಿಗೂ ಗೊತ್ತು. ಅಕ್ಟೋಬರ್ ಕೊನೆಗೆ ಮಟ್ಟ ಇಷ್ಟು ಅಡಿಗಿಂತ ಕೆಳಗಿದ್ದರೆ ನವೆಂಬರ್ ಒಂದರಿಂದಲೇ ಈ ಕ್ರಮ, ಡಿಸೆಂಬರ್‌ನಲ್ಲಿ ಇನ್ನೂ ಇಳಿದರೆ ಆ ಕ್ರಮ ಎಂದು ನೀರಿರುವ ವರ್ಷದಲ್ಲಿ, ತಣ್ಣಗಿರುವ ತಲೆಯಲ್ಲಿ ತೀರ್ಮಾನವಾಗಬೇಕು. 2023ರ ಮುಂಗಾರು ಸೋತದ್ದು ಸೆಪ್ಟೆಂಬರ್‌ನಲ್ಲೇ ಗೊತ್ತಾಗಿತ್ತು. ದಂಡದ ಆದೇಶ ಬಂದದ್ದು ಮಾರ್ಚ್‌ನಲ್ಲಿ. ನಡುವಿನ ಆರು ತಿಂಗಳು ನನ್ನನ್ನು ಈಗಲೂ ಕಾಡುತ್ತವೆ.

ಮೇಜಿನ ಸುತ್ತ ಯಾರು ಕೂರುತ್ತಾರೆ ಎಂಬುದೂ ಬಹಳ ಮುಖ್ಯ. ನಮ್ಮ ಸಂಸ್ಥೆಗಳಲ್ಲಿ ಮುಂದಿನ ಹತ್ತು ವರ್ಷದ ಮಾತು ಬಂದರೆ ಮೇಲಿನ ನಾಲ್ಕು ಜನ, ಒಬ್ಬ ಕನ್ಸಲ್ಟೆಂಟ್, ಒಂದು ಹೋಟೆಲ್. ಯಾವ ಬೀದಿಯ ನಲ್ಲಿಯಲ್ಲಿ ಎಷ್ಟು ದಿನದಿಂದ ಒತ್ತಡ ಕಡಿಮೆಯಾಗುತ್ತಿದೆ ಎಂದು ವಾಲ್ವ್ ತಿರುಗಿಸುವ ವಾಟರ್‌ಮನ್‌ಗೆ ಗೊತ್ತು. ಯಾವ ಕಡೆ ಬೋರ್ ಎಷ್ಟು ಅಡಿ ಹೋಗಿದೆ ಎಂದು ಬೋರ್‌ವೆಲ್ ಲಾರಿಯವರಿಗೆ ಗೊತ್ತು. ಹಿಂದೆ ಕೆರೆಯ ತೂಬು ಎತ್ತುವ ನೀರಗಂಟಿಯನ್ನು ಕೇಳದೆ ಊರಿನವರು ನಾಟಿಯ ಮಾತೇ ಆಡುತ್ತಿರಲಿಲ್ಲ. ಬದಲಾವಣೆ ಮೊದಲು ಕಾಣುವುದು ಅಂಚಿನಲ್ಲಿ ನಿಂತವರಿಗೆ. ಅವರನ್ನು ಹೊರಗಿಟ್ಟು ಮಾಡಿದ ಮುನ್ನೋಟ ಬರೀ ಪಿಪಿಟಿ.

ಕಷ್ಟಗಳು ನನಗೆ ಗೊತ್ತಿಲ್ಲವೆಂದಲ್ಲ. ಅಧಿಕಾರಿಗೆ ಎರಡು ವರ್ಷಕ್ಕೆ ವರ್ಗಾವಣೆ, ಸರ್ಕಾರಕ್ಕೆ ಐದು ವರ್ಷ, ಕಂಪನಿಗೆ ಮೂರು ತಿಂಗಳ ಲೆಕ್ಕ. ಹದಿನೈದು ವರ್ಷ ಆಚೆಯದನ್ನು ಯಾರು ಹೊತ್ತುಕೊಳ್ಳುತ್ತಾರೆ? ಫಿನ್ಲೆಂಡ್ ಇದಕ್ಕೆ ಒಂದು ದಾರಿ ಹುಡುಕಿದೆ. 1993ರಿಂದ ಅಲ್ಲಿನ ಸಂಸತ್ತಿನಲ್ಲಿ ಭವಿಷ್ಯಕ್ಕೆಂದೇ ಒಂದು ಸಮಿತಿ ಇದೆ. ಪ್ರತಿ ಸರ್ಕಾರವೂ ತನ್ನ ಅವಧಿಯಲ್ಲಿ ಒಮ್ಮೆ ದೂರದ ಭವಿಷ್ಯದ ಬಗ್ಗೆ ಸಂಸತ್ತಿಗೆ ವರದಿ ಕೊಡಬೇಕು, ಅದರ ಮೇಲೆ ಚರ್ಚೆಯಾಗಬೇಕು. ಆಳುವವರು ಬದಲಾದರೂ ಪ್ರಶ್ನೆ ಅಲ್ಲೇ ಇರುತ್ತದೆ. ನಮ್ಮ ವಿಧಾನಸಭೆಯಲ್ಲಿ ವರ್ಷಕ್ಕೆ ಒಂದೇ ದಿನ ಇದಕ್ಕೆ ಸಿಕ್ಕರೂ ಖುಷಿಯಾಗುತ್ತದೆ ನನಗೆ.

ಅದು ಆಗುವವರೆಗೆ ಸುಮ್ನೆ ಕೂರಬೇಕಿಲ್ಲ. 2024ರ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸಂಘದವರು ಒಂದು ಭಾನುವಾರ ಎರಡು ಗಂಟೆ ಕೂತೆವು. ಟ್ಯಾಂಕರ್ ರೇಟ್ ಏರಿದರೆ, ಬರದೇ ಹೋದರೆ, ಬೋರ್ ಪೂರ್ತಿ ನಿಂತರೆ ಎಂದು ಒಂದೊಂದೇ ಬರೆಯುತ್ತಿದ್ದೆವು. ಎಲ್ಲವೂ ನೀರಿಲ್ಲದ ನಾಳೆಗಳೇ. ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು, ನಾವೆಲ್ಲ ಆಂಟಿ ಎಂದು ಕರೆಯುವವರು, ತಡೆದು ಕೇಳಿದರು: “ಆಗ್ಲಿಂದ ನೀರಿಲ್ಲ ನೀರಿಲ್ಲ ಅಂತಾನೇ ಬರೀತಿದ್ದೀರಲ್ಲಪ್ಪ, ಜಾಸ್ತಿ ಬಂದ್ರೆ ಏನ್ ಮಾಡ್ತೀರಾ? ಮೋಟರ್ ಬೋರ್ಡ್ ಎಲ್ಲಿದೆ ನೋಡಿದ್ದೀರಾ?”

ಬೋರ್ಡ್ ಬೇಸ್‌ಮೆಂಟಿನಲ್ಲಿತ್ತು. ಸಂಪಿನ ಪಕ್ಕದ ಗೋಡೆಯಲ್ಲಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ. ಮೀಟಿಂಗ್ ಅರ್ಧಕ್ಕೆ ಬಿಟ್ಟು ಎಲ್ಲರೂ ಕೆಳಗೆ ಹೋಗಿ ನೋಡಿದೆವು. ಮುಂದಿನ ವಾರ ಎಲೆಕ್ಟ್ರಿಷಿಯನ್ ಬಂದು ಅದನ್ನು ಮೇಲಿನ ಮಹಡಿಗೆ, ಜನರೇಟರ್ ಪಕ್ಕಕ್ಕೆ ಹಾಕಿಕೊಟ್ಟರು. ಆ ವರ್ಷದ ಅಕ್ಟೋಬರ್ ಮಳೆಗೆ ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು ನಿಂತಿತು. ಮೋಟರ್ ಓಡುತ್ತಿತ್ತು.